ಮೂರು ಸೆಟ್, ಹತ್ತು ಸಲ: ಒಂದು ಲೆಕ್ಕದ ಹುಟ್ಟು

ಬೆಂಗಳೂರಿನ ಜಿಮ್ ಆಗಲಿ, ತಾಲ್ಲೂಕು ಕೇಂದ್ರದ ಅಂಗಡಿಸಾಲಿನ ಮಹಡಿಯ ಜಿಮ್ ಆಗಲಿ, ಹೊಸದಾಗಿ ಸೇರಿದ ಹುಡುಗನಿಗೆ ಮಾಸ್ಟರ್ ಹೇಳಿಕೊಡುವ ಮೊದಲ ಲೆಕ್ಕ ಹೆಚ್ಚುಕಡಿಮೆ ಒಂದೇ: ‘ಮೂರು ಸೆಟ್ ಹೊಡಿ, ಹತ್ತತ್ತು ರೆಪ್ಸ್.’ ಮೂರೇ ಏಕೆ, ಹತ್ತೇ ಏಕೆ ಎಂದು ಹುಡುಗ ಕೇಳುವುದಿಲ್ಲ. ಕೇಳಿದರೂ ‘ಎಲ್ಲರೂ ಹಾಗೇ ಮಾಡೋದು’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗುವುದು ಅಪರೂಪ. ಆದರೆ ಆ ಲೆಕ್ಕಕ್ಕೆ ಒಂದು ಊರಿದೆ, ಒಂದು ಇಸವಿಯಿದೆ, ಅದನ್ನು ಕಂಡುಕೊಂಡ ಒಬ್ಬ ಡಾಕ್ಟರ್ ಇದ್ದಾರೆ. ಎರಡನೇ ಮಹಾಯುದ್ಧದ ಗಾಯಾಳುಗಳಿಂದ ತುಂಬಿ ಹೋಗಿದ್ದ ಒಂದು ಸೇನಾ ಆಸ್ಪತ್ರೆಯಲ್ಲಿ ಅದು ಹುಟ್ಟಿತು.

ಷಿಕಾಗೋ ನಗರದ ಗಾರ್ಡಿನರ್ ಜನರಲ್ ಆಸ್ಪತ್ರೆ ಮಿಷಿಗನ್ ಸರೋವರದ ದಡದಲ್ಲಿತ್ತು. ಮೊದಲು ಹೋಟೆಲಾಗಿದ್ದ ಕಟ್ಟಡವನ್ನು ಯುದ್ಧಕಾಲದಲ್ಲಿ ಸೇನೆ ಆಸ್ಪತ್ರೆ ಮಾಡಿಕೊಂಡಿತ್ತು. 1944ರ ಹೊತ್ತಿಗೆ ಅಲ್ಲಿ ಮೂಳೆ ಮುರಿದವರು, ಮೊಣಕಾಲು ಕೆಟ್ಟವರು, ಆಪರೇಷನ್ ಮುಗಿಸಿಕೊಂಡವರು ಸಾಲುಸಾಲಾಗಿ ಮಲಗಿದ್ದರು. ಮೂಳೆ ಕೂಡಿಕೊಂಡರೂ ಅವರನ್ನು ಮನೆಗೆ ಕಳಿಸುವಂತಿರಲಿಲ್ಲ. ವಾರಗಟ್ಟಲೆ ಪ್ಲಾಸ್ಟರಿನಲ್ಲಿದ್ದ ಕಾಲಿನ ತೊಡೆ ಬಡಕಲಾಗಿರುತ್ತಿತ್ತು, ಎದ್ದು ನಿಂತರೆ ಮೊಣಕಾಲು ಕುಸಿಯುತ್ತಿತ್ತು. ಆಗ ರೂಢಿಯಲ್ಲಿದ್ದ ಚಿಕಿತ್ಸೆ ಬಹಳ ಅಂಜಿಕೆಯದು. ಹಗುರವಾದ ತೂಕ, ಲೆಕ್ಕವಿಲ್ಲದಷ್ಟು ಸಲ ಎತ್ತುವುದು, ತಿಂಗಳುಗಟ್ಟಲೆ ಕಾಯುವುದು. ಹಳಬರು ಹಾಸಿಗೆ ಬಿಡುತ್ತಿರಲಿಲ್ಲ, ಹೊಸಬರು ಬರುವುದು ನಿಲ್ಲುತ್ತಿರಲಿಲ್ಲ.

ಆ ಆಸ್ಪತ್ರೆಗೆ ಬಂದ ಯುವ ಸೇನಾ ವೈದ್ಯ ಥಾಮಸ್ ಡಿಲಾರ್ಮ್. 1917ರಲ್ಲಿ ಹುಟ್ಟಿದವರು, ಅಲಬಾಮಾ ಕಡೆಯವರು. ಹುಡುಗನಾಗಿದ್ದಾಗ ರುಮ್ಯಾಟಿಕ್ ಜ್ವರ ಬಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. ಮೈಗೆ ಶ್ರಮ ಕೊಡಲೇಬಾರದೆಂದು ವೈದ್ಯರು ಎಚ್ಚರಿಸಿದ್ದರು. ಆ ಹುಡುಗ ಮಾತು ಕೇಳಲಿಲ್ಲ. ವ್ಯಾಯಾಮದ ಪತ್ರಿಕೆಗಳನ್ನು ಓದಿ, ತೂಕ ಎತ್ತುತ್ತಾ, ಸ್ವಲ್ಪಸ್ವಲ್ಪವೇ ಭಾರ ಹೆಚ್ಚಿಸುತ್ತಾ ಗಟ್ಟಿಮುಟ್ಟಾದ. ತನ್ನ ಮೈಯಲ್ಲಿ ಕಂಡ ಗುಣವನ್ನು ರೋಗಿಗಳ ಮೇಲೆ ಪರೀಕ್ಷಿಸುವ ಅವಕಾಶ ಷಿಕಾಗೋದಲ್ಲಿ ಸಿಕ್ಕಿತು. ಮೊಣಕಾಲಿಗೆ ಪೆಟ್ಟಾಗಿದ್ದ ಸೈನಿಕರಿಗೆ ಹಗುರ ತೂಕ ಬಿಡಿಸಿ, ಎತ್ತಲು ಸಾಧ್ಯವಾದಷ್ಟು ಭಾರ ಕೊಟ್ಟರು.

ಅವರು ಬಳಸಿದ ಸಲಕರಣೆಯನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ಅದರ ಹೆಸರು ‘ಐರನ್ ಬೂಟ್’, ಕಬ್ಬಿಣದ ಪಾದುಕೆ. ಪಾದದ ಆಕಾರದ ಕಬ್ಬಿಣದ ತಳ. ಅದನ್ನು ರೋಗಿಯ ಬೂಟಿನ ಅಡಿಗೆ ಪಟ್ಟಿಯಿಂದ ಬಿಗಿಯುತ್ತಿದ್ದರು. ತಳದ ಮೂಲಕ ಅಡ್ಡಲಾಗಿ ಒಂದು ಸಣ್ಣ ಸರಳು, ಸರಳಿನ ಎರಡು ತುದಿಗೂ ಪ್ಲೇಟುಗಳು. ರೋಗಿ ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಮೊಣಕಾಲನ್ನು ನಿಧಾನವಾಗಿ ನೇರ ಮಾಡಬೇಕು, ಮತ್ತೆ ನಿಧಾನವಾಗಿ ಇಳಿಸಬೇಕು. ಇವತ್ತು ಪ್ರತಿ ಜಿಮ್ಮಿನಲ್ಲೂ ಇರುವ ಲೆಗ್ ಎಕ್ಸ್‌ಟೆನ್ಷನ್ ಮೆಷಿನ್ ಮಾಡಿಸುವುದು ಇದೇ ಚಲನೆಯನ್ನು. ಆ ಬೂಟಿನ ಗುಣವೆಲ್ಲ ಇದ್ದದ್ದು ಪ್ಲೇಟಿನಲ್ಲಿ. ಈ ವಾರ ಇಷ್ಟು, ಮುಂದಿನ ವಾರ ಇದಕ್ಕೊಂದು ಚೂರು ಹೆಚ್ಚು ಎಂದು ಅಳೆದು ಕೂಡಿಸಬಹುದಿತ್ತು. ಔಷಧಿಯ ಚೀಟಿಯಂತೆ ಭಾರವನ್ನೂ ಬರೆದುಕೊಡಬಹುದು ಎಂಬ ಧೈರ್ಯ ವೈದ್ಯರಿಗೆ ಬಂದದ್ದು ಇದರಿಂದಲೇ.

1945ರ ಅಕ್ಟೋಬರಿನಲ್ಲಿ ಮೂಳೆ ಶಸ್ತ್ರಚಿಕಿತ್ಸೆಯ ಪ್ರಮುಖ ಅಮೆರಿಕನ್ ಪತ್ರಿಕೆಯಲ್ಲಿ ಡಿಲಾರ್ಮ್ ತಮ್ಮ ಅನುಭವ ಪ್ರಕಟಿಸಿದರು. ಹತ್ತು ಸಲವಷ್ಟೇ ಎತ್ತಲಾಗುವ, ಹನ್ನೊಂದನೆಯದು ಆಗದ ಭಾರವನ್ನು ಮೊದಲು ಗುರುತಿಸುವುದು. ಅದರ ಲೆಕ್ಕದಲ್ಲಿ ಹತ್ತತ್ತು ಸಲದ ಏಳರಿಂದ ಹತ್ತು ಸುತ್ತು, ಅಂದರೆ ಸೆಟ್, ಮಾಡಿಸುವುದು. ವಾರಕ್ಕೊಮ್ಮೆ ಮತ್ತೆ ಅಳೆದು ಭಾರ ಏರಿಸುವುದು. ಭಾರ ಹೆಚ್ಚು, ಸಲ ಕಡಿಮೆ ಆದರೆ ಕಸುವು ಬೆಳೆಯುತ್ತದೆ. ಭಾರ ಕಡಿಮೆ, ಸಲ ಹೆಚ್ಚು ಆದರೆ ದಮ್ಮು ಬೆಳೆಯುತ್ತದೆ. ಒಂದರ ಕೆಲಸ ಇನ್ನೊಂದರಿಂದ ಆಗದು ಎಂದು ಅವರು ಖಡಾಖಂಡಿತವಾಗಿ ಬರೆದರು. ತಮ್ಮ ಪದ್ಧತಿಗೆ ಅವರು ಮೊದಲು ಇಟ್ಟಿದ್ದ ಹೆಸರಿನಲ್ಲಿ ‘ಹೆವಿ’ ಎಂಬ ಮಾತಿತ್ತು. ಅದು ಜನರನ್ನು ಬೆದರಿಸುವಂತಿದ್ದುದರಿಂದ, ಹೆಂಡತಿಯ ಸಲಹೆಯಂತೆ ‘ಪ್ರೋಗ್ರೆಸಿವ್’, ಅಂದರೆ ಹಂತಹಂತವಾಗಿ ಏರುವ, ಎಂದು ಬದಲಿಸಿದರು.

ಅಷ್ಟು ಸುತ್ತು ಅತಿಯಾಯಿತೆಂದು ಅವರಿಗೇ ಅನ್ನಿಸಿತು. ಯುದ್ಧ ಮುಗಿದ ಮೇಲೆ ಬಾಸ್ಟನ್ನಿನಲ್ಲಿ ಆರ್ಥರ್ ವಾಟ್ಕಿನ್ಸ್ ಎಂಬ ವೈದ್ಯರ ಜೊತೆ ಕೆಲಸ ಮಾಡುತ್ತಾ, 1948ರಲ್ಲಿ ಅದನ್ನು ಮೂರು ಸುತ್ತಿಗೆ ಇಳಿಸಿದರು. 1951ರಲ್ಲಿ ಇಬ್ಬರೂ ಸೇರಿ ಪುಸ್ತಕವನ್ನೇ ತಂದರು. ನಮ್ಮ ಜಿಮ್ಮುಗಳ ‘ಮೂರು ಸೆಟ್ ಹತ್ತತ್ತು’ ಇಲ್ಲಿಂದ ಹೊರಟಿದ್ದು. ಆದರೆ ದಾರಿಯಲ್ಲಿ ಒಂದು ಮುಖ್ಯ ಅಂಶ ಕಳೆದುಹೋಗಿದೆ. ಒಬ್ಬನಿಗೆ ಹತ್ತು ಸಲ ಎತ್ತಲಾಗುವ ಗರಿಷ್ಠ ಭಾರ 20 ಕೆ.ಜಿ. ಎಂದುಕೊಳ್ಳೋಣ. ಡಿಲಾರ್ಮ್ ಲೆಕ್ಕದಲ್ಲಿ ಮೊದಲ ಸುತ್ತು 10 ಕೆ.ಜಿ., ಎರಡನೆಯದು 15, ಮೂರನೆಯದು ಮಾತ್ರ ಪೂರ್ತಿ 20. ಎರಡು ಸುತ್ತು ಮೈಯನ್ನು ಹದಮಾಡುವುದಕ್ಕೆ, ನಿಜವಾದ ಪರೀಕ್ಷೆ ಒಂದೇ ಒಂದು. ಈಗ ಮೂರಕ್ಕೂ ಒಂದೇ ತೂಕ ಹಾಕಿ, ಅದೇ ತೂಕದಲ್ಲಿ ವರ್ಷಗಟ್ಟಲೆ ನಿಂತುಬಿಡುವವರನ್ನು ಎಲ್ಲ ಜಿಮ್ಮಿನಲ್ಲೂ ಕಾಣಬಹುದು. ಏರಿಕೆಯನ್ನು ಬಿಟ್ಟು ಎಣಿಕೆಯನ್ನಷ್ಟೇ ಉಳಿಸಿಕೊಂಡರೆ ಡಿಲಾರ್ಮ್ ಪದ್ಧತಿಯಲ್ಲಿ ಉಳಿಯುವುದು ಅಷ್ಟರಲ್ಲೇ ಇದೆ.

ಭಾರವನ್ನು ಮೆಲ್ಲಗೆ ಏರಿಸಬೇಕೆಂಬ ತಿಳಿವಳಿಕೆ ಹೊಸದೇನಲ್ಲ. ಗ್ರೀಕರ ಕುಸ್ತಿಪಟು ಮೈಲೋ ದಿನವೂ ಒಂದು ಕರುವನ್ನು ಹೊತ್ತು, ಕರು ಹೋರಿಯಾಗುವಷ್ಟರಲ್ಲಿ ಹೋರಿಯನ್ನೇ ಹೊರುವಂತಾದ ಎಂಬ ಐತಿಹ್ಯವಿದೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜಾತ್ರೆ, ಹಬ್ಬಗಳಲ್ಲಿ ಸಂಗ್ರಾಣಿ ಕಲ್ಲು, ಗುಂಡುಕಲ್ಲು ಎತ್ತುವ ಸ್ಪರ್ಧೆ ಇವತ್ತಿಗೂ ನಡೆಯುತ್ತದೆ. ಆದರೆ ಕಲ್ಲಿಗೆ ಒಂದು ಮಿತಿಯಿದೆ. ಅದಕ್ಕೆ ಅರ್ಧ ಕೆ.ಜಿ. ಕೂಡಿಸಲು ಬರುವುದಿಲ್ಲ. ಇವತ್ತು ಏಳದ ಕಲ್ಲು ಮುಂದಿನ ತಿಂಗಳು ಏಳಬೇಕಾದರೆ ನಡುವಿನ ಮೆಟ್ಟಿಲುಗಳನ್ನು ಬೇರೆ ಕಲ್ಲುಗಳಲ್ಲೇ ಹುಡುಕಿಕೊಳ್ಳಬೇಕು. ಗರಡಿಯ ಪೈಲ್ವಾನರು ಇನ್ನೊಂದು ದಾರಿ ಹಿಡಿದಿದ್ದರು. ಭಾರವಾಗಿ ಇರುವುದು ತಮ್ಮ ಮೈಯೇ, ಆದ್ದರಿಂದ ದಂಡ, ಬಸ್ಕಿಗಳ ಸಂಖ್ಯೆಯನ್ನೇ ನೂರು, ಇನ್ನೂರು, ಐನೂರು ಎಂದು ಏರಿಸುವುದು. ಮಟ್ಟಿಯಲ್ಲಿ ಗಂಟೆಗಟ್ಟಲೆ ಪಟ್ಟು ಹಿಡಿದು ಸೆಣಸಬೇಕಾದವನಿಗೆ ಅದು ತಕ್ಕ ಸಾಮು. ಡಿಲಾರ್ಮ್ ಭಾಷೆಯಲ್ಲಿ ಹೇಳುವುದಾದರೆ ಅದು ದಮ್ಮಿನ ದಾರಿ.

ನಡುವಿನ ಮೆಟ್ಟಿಲುಗಳನ್ನು ಕಬ್ಬಿಣದಲ್ಲಿ ಮಾಡಿ ಮಾರಿದವರು ಫಿಲಡೆಲ್ಫಿಯಾದ ಅಲನ್ ಕ್ಯಾಲ್ವರ್ಟ್. 1893ರ ಷಿಕಾಗೋ ವಿಶ್ವಮೇಳದಲ್ಲಿ ಯೂಜಿನ್ ಸ್ಯಾಂಡೋ ಎಂಬ ಜಗಜಟ್ಟಿಯ ಪ್ರದರ್ಶನ ಕಂಡು ಬೆರಗಾದವರು ಅವರು. ಸ್ಯಾಂಡೋ ತಮ್ಮ ಅಭಿಮಾನಿಗಳಿಗೆ ಮಾರುತ್ತಿದ್ದುದು ಹಗುರ ಡಂಬೆಲ್ಲುಗಳನ್ನು. 1905ರ ಆಸುಪಾಸಿನಲ್ಲಿ ಅವರು ಭಾರತಕ್ಕೂ ಬಂದು ಹೋದ ಮೇಲೆ ಡಂಬೆಲ್ಲಿನ ಹುಚ್ಚು ಇಲ್ಲಿಗೂ ಹಬ್ಬಿತು. ಆದರೆ ಸ್ಯಾಂಡೋ ಮೈ ಬೆಳೆದದ್ದು ಭಾರೀ ತೂಕದಿಂದ. ಇದನ್ನರಿತ ಕ್ಯಾಲ್ವರ್ಟ್ 1902ರಲ್ಲಿ, ಬೇಕಾದಂತೆ ತೂಕ ಕೂಡಿಸಿ ಕಳೆಯಬಹುದಾದ ಬಾರ್‌ಬೆಲ್ ತಯಾರಿಸುವ ಕಂಪನಿ ತೆರೆದು, ಅದಕ್ಕೆ ಮೈಲೋನ ಹೆಸರನ್ನೇ ಇಟ್ಟರು. ಅವರು ಕಳಿಸುತ್ತಿದ್ದ ಕೋರ್ಸಿನ ನಿಯಮ ಸರಳ. ಒಂದು ಭಾರವನ್ನು ಐದು ಸಲ ಎತ್ತು. ಕೆಲವು ದಿನಕ್ಕೊಮ್ಮೆ ಒಂದೊಂದು ಸಲ ಹೆಚ್ಚಿಸು. ಹತ್ತಕ್ಕೆ ಮುಟ್ಟಿದಾಗ ಭಾರ ಏರಿಸಿ ಮತ್ತೆ ಐದಕ್ಕೆ ಬಾ. ಸುತ್ತು ಒಂದೇ. ನೂರು ವರ್ಷದ ಹಿಂದಿನ ಈ ಏರಿಳಿತದ ಲೆಕ್ಕವನ್ನು ಹೊಸಬನಿಗೆ ಇವತ್ತು ಕೊಟ್ಟರೂ ಮೋಸವಾಗದು.

ಬೆಂಗಳೂರಿನ ಕೆ.ವಿ. ಅಯ್ಯರ್ ಬೆಳೆದದ್ದು ಈ ಅಂಚೆಯ ಕೋರ್ಸುಗಳ ಕಾಲದಲ್ಲೇ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕರಾಗಿ, ಟಿ.ಪಿ. ಕೈಲಾಸಂ ಅವರ ಆಪ್ತರಾಗಿ ಕನ್ನಡ ಓದುಗರಿಗೆ ಅವರು ಗೊತ್ತು. ಅವರ ಹರ್ಕ್ಯುಲಿಸ್ ಜಿಮ್ನೇಷಿಯಂ ಮತ್ತು ವ್ಯಾಯಾಮದ ಅಂಚೆಪಾಠಗಳು ಅದಕ್ಕೂ ಮೊದಲೇ ಹೆಸರು ಮಾಡಿದ್ದವು. ಅವರ ಚಿತ್ರಗಳು ಪಾಶ್ಚಾತ್ಯ ವ್ಯಾಯಾಮ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. 1930ರಲ್ಲಿ ಅವರ ‘ಮಸಲ್ ಕಲ್ಟ್’ ಪುಸ್ತಕ ಬಂತು. ಅಯ್ಯರ್ ಅವರ ವಿಶೇಷವೆಂದರೆ, ಬಾರ್‌ಬೆಲ್ ಹಿಡಿದವರು ಸೂರ್ಯನಮಸ್ಕಾರವನ್ನೂ ಆಸನಗಳನ್ನೂ ಬಿಡಬೇಕಿಲ್ಲವೆಂದು ಸಾಧಿಸಿ ತೋರಿಸಿದ್ದು. ತೂಕ ಎತ್ತಿದರೆ ಮೈ ಮರಗಟ್ಟುತ್ತದೆ, ಬಗ್ಗುವುದಿಲ್ಲ ಎಂಬ ಭಯ ಜಗತ್ತಿನಾದ್ಯಂತ ಇದ್ದ ದಿನಗಳವು. ಬೆಂಗಳೂರಿನ ಒಬ್ಬ ಸಾಹಿತಿ ಆ ಭಯವನ್ನು ತಮ್ಮ ಮೈಯಿಂದಲೇ ಸುಳ್ಳು ಮಾಡಿದ್ದರೆಂಬುದು ನಾವು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ, ಆದರೆ ಅಷ್ಟಾಗಿ ನೆನೆಯುತ್ತಿಲ್ಲ.

ಅಮೆರಿಕದಲ್ಲಿ ಆ ಭಯಕ್ಕೆ ಪೆಟ್ಟು ಬಿದ್ದದ್ದು 1940ರಲ್ಲಿ, ಮೆಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನ ಸಭಾಂಗಣದಲ್ಲಿ. ಪೆನ್ಸಿಲ್ವೇನಿಯಾದ ಯಾರ್ಕ್ ಪಟ್ಟಣದ ಬಾರ್‌ಬೆಲ್ ತಯಾರಕ ಬಾಬ್ ಹಾಫ್‌ಮನ್ ತಮ್ಮ ಪಟುಗಳನ್ನು ಕರೆದುಕೊಂಡು ಬಂದಿದ್ದರು. ಅಲ್ಲಿನ ದೇಹಶಾಸ್ತ್ರದ ಪ್ರಾಧ್ಯಾಪಕ ಪೀಟರ್ ಕಾರ್ಪೊವಿಚ್‌ಗೆ ತೂಕ ಎತ್ತುವವರ ಮೇಲೆ ನಂಬಿಕೆಯಿರಲಿಲ್ಲ. ಜಾನ್ ಗ್ರಿಮೆಕ್ ಎಂಬ ಭಾರೀ ಮೈಕಟ್ಟಿನವನಿಗೆ ಅವರು, ಭುಜದ ಎಲುಬುಗಳ ನಡುವೆ ನಿನ್ನ ಬೆನ್ನನ್ನು ನೀನೇ ಕೆರೆದುಕೊಳ್ಳಬಲ್ಲೆಯಾ ಎಂದು ಕೇಳಿದರು. ಗ್ರಿಮೆಕ್ ಕೆರೆದು ತೋರಿಸಿದ. ಮೊಣಕಾಲು ಬಗ್ಗಿಸದೆ ಮುಂದಕ್ಕೆ ಬಾಗಿ ಮೊಣಕೈಯನ್ನು ನೆಲಕ್ಕೆ ಮುಟ್ಟಿಸಿದ, ಎರಡೂ ಕಾಲು ಚಾಚಿ ನೆಲಕ್ಕೆ ಕೂತ. ಕಾರ್ಪೊವಿಚ್ ತಮ್ಮ ಅಭಿಪ್ರಾಯವನ್ನು ಪರೀಕ್ಷೆಗೆ ಒಡ್ಡಿದ್ದು ದೊಡ್ಡತನ. ತೂಕ ಎತ್ತುವ 300 ಜನ, ಎತ್ತದ 300 ಜನರ ತೋಳಿನ ವೇಗ ಅಳೆದ ಅಧ್ಯಯನ 1951ರಲ್ಲಿ ಪ್ರಕಟವಾಯಿತು. ಎತ್ತುವವರ ತೋಳೇ ಹೆಚ್ಚು ಚುರುಕಾಗಿತ್ತು.

ಹೆಂಗಸರಿಗೂ ಇದೇ ಬಗೆಯ ಎಚ್ಚರಿಕೆಗಳಿದ್ದವು. ಅವನ್ನು ಲೆಕ್ಕಿಸದೆ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಕಡಲತೀರದಲ್ಲಿ ಕಸರತ್ತು ಮಾಡುತ್ತಿದ್ದ ಆ್ಯಬಿ ಸ್ಟಾಕ್‌ಟನ್ 1944ರಿಂದ ಹಾಫ್‌ಮನ್ನರ ‘ಸ್ಟ್ರೆಂತ್ ಅಂಡ್ ಹೆಲ್ತ್’ ಪತ್ರಿಕೆಯಲ್ಲಿ ಮಹಿಳೆಯರ ತೂಕಸಾಧನೆಗೆಂದೇ ಅಂಕಣ ಬರೆದರು.

ಬರೇ ಗುಣವಾಗುವುದಲ್ಲ, ಅಸಾಧಾರಣ ಕಸುವೂ ಗಾತ್ರವೂ ಬೇಕು ಎನ್ನುವವರಿಗೆ ಇನ್ನೊಂದು ಲೆಕ್ಕ ಬಂದದ್ದು ಇಂಗ್ಲೆಂಡಿನ ಲೀಡ್ಸ್‌ನಿಂದ. ರೆಗ್ ಪಾರ್ಕ್ 1951, 1958 ಮತ್ತು 1965ರಲ್ಲಿ ‘ಮಿಸ್ಟರ್ ಯೂನಿವರ್ಸ್’ ಆದವರು. ಬೆಂಚಿನ ಮೇಲೆ ಮಲಗಿ ಭಾರ ದೂಡುವ ಬೆಂಚ್ ಪ್ರೆಸ್ಸಿನಲ್ಲಿ 500 ಪೌಂಡ್, ಅಂದರೆ ಸುಮಾರು 227 ಕೆ.ಜಿ. ಎತ್ತಿದ ಮೊದಲಿಗರಲ್ಲೊಬ್ಬರು. ಸಿನಿಮಾದಲ್ಲಿ ಹರ್ಕ್ಯುಲಿಸ್ ಪಾತ್ರ ಮಾಡಿದ ಅವರನ್ನು ನೋಡಿಯೇ ಆಸ್ಟ್ರಿಯಾದ ಹುಡುಗ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಈ ದಾರಿ ಹಿಡಿದದ್ದು. ಪಾರ್ಕ್ 1960ರಲ್ಲಿ ಪ್ರಕಟಿಸಿದ ಪುಸ್ತಿಕೆಯ ತಿರುಳು ‘ಐದು ಸೆಟ್, ಐದು ಸಲ’. ಹೆಗಲ ಮೇಲೆ ಭಾರ ಹೊತ್ತು ಕೂತೇಳುವ ಸ್ಕ್ವಾಟ್, ಬೆಂಚ್ ಪ್ರೆಸ್, ನೆಲದ ಭಾರವನ್ನು ಎತ್ತಿ ನಿಲ್ಲುವ ಡೆಡ್‌ಲಿಫ್ಟ್. ವಾರಕ್ಕೆ ಮೂರು ದಿನ. 100 ಕೆ.ಜಿ.ಯ ಸ್ಕ್ವಾಟ್ ಮಾಡುವವನು 60ಕ್ಕೆ ಒಂದು, 80ಕ್ಕೆ ಒಂದು ಸೆಟ್ ಮುಗಿಸಿ, ಆಮೇಲೆ 100ಕ್ಕೆ ಮೂರು ಸೆಟ್ ಹೊಡೆಯಬೇಕು. ಭಾರೀ ಸೆಟ್ಟುಗಳ ನಡುವೆ ಮೂರರಿಂದ ಐದು ನಿಮಿಷ ಸುಧಾರಿಸಿಕೊಳ್ಳಬೇಕು. ಆ ಮೂರರಲ್ಲೂ ಐದೈದು ಸಲ ಸಲೀಸಾಗಿ ಬಂದರೆ ಮಾತ್ರ ತೂಕ ಏರಿಕೆ. ಡಿಲಾರ್ಮ್ ಅವರ ಮೆಟ್ಟಿಲು ಇಲ್ಲೂ ಇದೆ, ತುದಿಯ ಹಂತ ಮಾತ್ರ ಇನ್ನೂ ಎತ್ತರ, ಇನ್ನೂ ಅಗಲ. 1976ರಲ್ಲಿ ಬಿಲ್ ಸ್ಟಾರ್ ಎಂಬ ಕೋಚ್ ಇದೇ ಐದೈದರ ಲೆಕ್ಕವನ್ನು ಅಮೆರಿಕನ್ ಫುಟ್‌ಬಾಲ್ ಆಟಗಾರರಿಗೆ ಒಗ್ಗಿಸಿ, ಡೆಡ್‌ಲಿಫ್ಟ್ ಬದಲು ನೆಲದ ಭಾರವನ್ನು ಒಂದೇ ಎಳೆತಕ್ಕೆ ಭುಜಕ್ಕೇರಿಸುವ ಪವರ್ ಕ್ಲೀನ್ ಇಟ್ಟು, ಭಾರದ ದಿನ, ಹಗುರದ ದಿನ, ಮಧ್ಯಮದ ದಿನ ಎಂದು ವಾರವನ್ನು ಹಂಚಿದರು. ಇಂದು ಮೊಬೈಲಿನಲ್ಲಿ ಸಿಗುವ ಹಲವು ‘ಫೈವ್ ಬೈ ಫೈವ್’ ಚಾರ್ಟುಗಳು ಈ ಇಬ್ಬರ ಬಳುವಳಿ.

ಇಷ್ಟರ ನಡುವೆ ಚಾರ್ಟುಗಳ ಚರಿತ್ರೆಯಲ್ಲೇ ಕೆಟ್ಟ ಅಧ್ಯಾಯ ಯಾರ್ಕ್ ಪಟ್ಟಣದಲ್ಲಿ ನಡೆದುಹೋಯಿತು. 1954ರಲ್ಲಿ ಅಮೆರಿಕದ ಭಾರ ಎತ್ತುವವರ ತಂಡದ ಜೊತೆ ವಿಯೆನ್ನಾಕ್ಕೆ ಹೋಗಿದ್ದ ಡಾ. ಜಾನ್ ಝೀಗ್ಲರ್‌ಗೆ, ಸೋವಿಯತ್ ಪಟುಗಳು ಗಂಡು ಹಾರ್ಮೋನಾದ ಟೆಸ್ಟೊಸ್ಟೆರಾನ್ ಬಳಸುತ್ತಿದ್ದಾರೆಂಬ ಸುಳಿವು ಸಿಕ್ಕಿತು. 1958ರಲ್ಲಿ ಸೀಬಾ ಕಂಪನಿಯ ಡಯನಾಬಾಲ್ ಎಂಬ ಸ್ಟೆರಾಯ್ಡ್ ಮಾತ್ರೆ ಮಾರುಕಟ್ಟೆಗೆ ಬಂತು. 1960ರ ಹೊತ್ತಿಗೆ ಝೀಗ್ಲರ್ ಅದನ್ನು ಯಾರ್ಕ್‌ನ ಕೆಲವು ಪಟುಗಳಿಗೆ ಕೊಡಲಾರಂಭಿಸಿದರು. ಅದೇ ಸಮಯಕ್ಕೆ ಅವರಿಗೆ ಹೊಸ ಬಗೆಯ ಅಭ್ಯಾಸವನ್ನೂ ಹೇಳಿಕೊಟ್ಟರು: ಕಬ್ಬಿಣದ ಚೌಕಟ್ಟಿನಲ್ಲಿ ಅಲುಗದಂತೆ ಸಿಕ್ಕಿಸಿದ ಸರಳನ್ನು ಕೆಲವು ಸೆಕೆಂಡು ಬಲವಾಗಿ ದೂಡುವುದು. ಬಿಲ್ ಮಾರ್ಚ್, ಲೂಯಿ ರೀಕಿ ಇಬ್ಬರ ಎತ್ತುವಿಕೆ ಕಣ್ಣೆದುರೇ ಜಿಗಿಯಿತು. ಹಾಫ್‌ಮನ್ನರ ಪತ್ರಿಕೆ ಆ ಜಿಗಿತದ ಶ್ರೇಯವನ್ನೆಲ್ಲ ಚೌಕಟ್ಟಿಗೆ ಕೊಟ್ಟಿತು. ಚೌಕಟ್ಟುಗಳು ಭರದಿಂದ ಮಾರಾಟವಾದವು. ಮಾತ್ರೆಯ ಸುದ್ದಿ ಓದುಗರಿಗೆ ತಿಳಿಯಲಿಲ್ಲ.

ಕೊಂಡವರ ಪಾಡು ಏನಾಗಿರಬಹುದು? ಪತ್ರಿಕೆ ಹೇಳಿದಂತೆ ದಿನವೂ ದೂಡಿದರೂ ಮಾರ್ಚ್‌ನ ಹತ್ತಿರಕ್ಕೂ ಬಾರದೆ, ದೋಷ ತಮ್ಮ ಮೈಯದೇ, ತಮ್ಮ ಶ್ರದ್ಧೆಯದೇ ಎಂದು ಅವರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಇದು ಅನ್ಯಾಯ, ಮತ್ತು ಮುಗಿದುಹೋದ ಅನ್ಯಾಯವೂ ಅಲ್ಲ. ಔಷಧಿಯ ಬಲದಿಂದ ಬೆಳೆದ ಮೈಯ ಪಕ್ಕದಲ್ಲಿ ಅಚ್ಚಾಗುವ ಚಾರ್ಟು ಇವತ್ತಿಗೂ ಸಾಮಾನ್ಯ ಹುಡುಗನ ಕೈಗೆ ಬರುತ್ತದೆ. ವಾರಕ್ಕೆ ಆರು ದಿನ, ಎದೆಗೊಂದೇ 20 ಸೆಟ್ ಎಂಬಂಥ ಲೆಕ್ಕ ನೋಡಿದಾಗ ಅದನ್ನು ಬರೆದವರು ಏನು ತಿಂದು, ಏನು ಚುಚ್ಚಿಕೊಂಡು ಅದನ್ನು ತಾಳಿಕೊಂಡರೆಂದು ಕೇಳುವ ಹಕ್ಕು ಓದುಗನಿಗಿದೆ. ಝೀಗ್ಲರ್ ತಾವು ತೆರೆದ ಬಾಗಿಲಿನ ಬಗ್ಗೆ ಆಮೇಲೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಅಷ್ಟರಲ್ಲಿ ಗುಟ್ಟು ಜಿಮ್ಮಿನಿಂದ ಜಿಮ್ಮಿಗೆ ದಾಟಿಯಾಗಿತ್ತು.

ಉಲ್ಟಾ ದಿಕ್ಕಿನ ಅತಿಯೂ ಬಂತು. 1970ರಲ್ಲಿ ನಾಟಿಲಸ್ ಯಂತ್ರಗಳನ್ನು ಪರಿಚಯಿಸಿದ ಆರ್ಥರ್ ಜೋನ್ಸ್, ಒಂದೇ ಒಂದು ಸೆಟ್ ಸಾಕು, ಆದರೆ ಇನ್ನೊಂದು ಸಲ ಎತ್ತಲಾಗದಷ್ಟು ದುಡಿಯಬೇಕು ಎಂದರು. 1973ರಲ್ಲಿ ಕೊಲೊರಾಡೋದಲ್ಲಿ ಕೇಸಿ ವಯೇಟರ್ ಎಂಬ ಪಟು 28 ದಿನದಲ್ಲಿ 63 ಪೌಂಡ್ ಮಾಂಸಖಂಡ ಬೆಳೆಸಿದನೆಂದು ಘೋಷಿಸಿದರು. ವಯೇಟರ್ ಅದಕ್ಕೂ ಮುನ್ನ ಅಪಘಾತ, ಕಾಯಿಲೆಗಳಿಂದ ಸಾಕಷ್ಟು ತೂಕ ಇಳಿದಿದ್ದವನು. ಕಳೆದುಕೊಂಡ ಮೈಯನ್ನು ಮರಳಿ ಪಡೆಯುವುದು ಹೊಸದಾಗಿ ಬೆಳೆಸುವುದಕ್ಕಿಂತ ಬಹಳ ಸುಲಭ. ಯಂತ್ರ ಮಾರುವವರ ಲೆಕ್ಕವನ್ನು ಯಂತ್ರದ ಬೆಲೆಯೊಂದಿಗೆ ಸೇರಿಸಿಯೇ ಓದಬೇಕು. ಆದರೂ ಬಿಡುವಿಲ್ಲದವರಿಗೆ ಕಡಿಮೆ ಸೆಟ್ಟಿನಲ್ಲೂ ಲಾಭವಿದೆ ಎಂಬ ಜೋನ್ಸ್ ಮಾತು ಪೊಳ್ಳಲ್ಲ.

ಮಾರುವವರನ್ನು ಬಿಟ್ಟು ಅಳೆಯುವವರು ಏನು ಹೇಳಿದರು? 1962ರಲ್ಲಿ ರಿಚರ್ಡ್ ಬರ್ಗರ್ ವಿದ್ಯಾರ್ಥಿಗಳನ್ನು ಒಂಬತ್ತು ಗುಂಪು ಮಾಡಿ 12 ವಾರ ಬೆಂಚ್ ಪ್ರೆಸ್ ಮಾಡಿಸಿದರು: ಒಂದು, ಎರಡು, ಮೂರು ಸೆಟ್, ಪ್ರತಿಯೊಂದರಲ್ಲೂ ಎರಡು, ಆರು, ಹತ್ತು ಸಲ. ಮೂರು ಸೆಟ್, ಆರು ಸಲದವರ ಕಸುವು ಎಲ್ಲರಿಗಿಂತ ಹೆಚ್ಚಿತು. ಇದು ಕಸುವಿನ ಅಳತೆಯಾಯಿತು. ಗಾತ್ರದ ಅಳತೆ ಆಮೇಲೆ ಬಂತು.

2014ರಲ್ಲಿ ಅಮೆರಿಕದ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು ಈ ಮೊದಲೇ ತೂಕ ಎತ್ತಿ ರೂಢಿಯಿದ್ದ ಯುವಕರನ್ನು ಎರಡು ಗುಂಪು ಮಾಡಿ ಎಂಟು ವಾರ ದುಡಿಸಿದರು. ಒಂದು ಗುಂಪಿಗೆ ಡಿಲಾರ್ಮ್ ಕಾಲದಿಂದ ಬಂದ ಮೂರು ಸೆಟ್, ಹತ್ತು ಸಲದ ಎಣಿಕೆ. ಇನ್ನೊಂದಕ್ಕೆ ಇನ್ನೂ ಭಾರದ ತೂಕದಲ್ಲಿ ಏಳು ಸೆಟ್, ಮೂರು ಸಲ. ಎತ್ತಿದ ಒಟ್ಟು ಭಾರ ಎರಡೂ ಕಡೆ ಸುಮಾರು ಸಮವಾಗುವಂತೆ ನೋಡಿಕೊಂಡರು. ಕೊನೆಯಲ್ಲಿ ಅಲ್ಟ್ರಾಸೌಂಡ್ ಹಿಡಿದು ಅಳೆದಾಗ ಎರಡು ಗುಂಪಿನವರ ತೋಳಿನ ಮುಂಭಾಗದ ಸ್ನಾಯುವೂ ಒಂದೇ ಸಮ, ಸುಮಾರು ಶೇ. 13ರಷ್ಟು ದಪ್ಪವಾಗಿತ್ತು. ಬೆಂಚ್ ಪ್ರೆಸ್ಸಿನಲ್ಲಿ ಒಂದೇ ಸಲಕ್ಕೆ ಎತ್ತುವ ಕಸುವು ಮಾತ್ರ ಭಾರದ ಗುಂಪಿಗೆ ಹೆಚ್ಚಿತ್ತು. ಇದಕ್ಕಾಗಿ ಅವರು ಪ್ರತಿ ಸಲವೂ ಜಿಮ್ಮಿನಲ್ಲಿ ಸುಮಾರು 70 ನಿಮಿಷ ಕಳೆದಿದ್ದರು. ಹತ್ತು ಸಲದ ಗುಂಪಿನವರು ಅಷ್ಟೇ ಗಾತ್ರವನ್ನು ಸುಮಾರು 17 ನಿಮಿಷದಲ್ಲಿ ಗಳಿಸಿ ಮನೆಗೆ ಹೋಗುತ್ತಿದ್ದರು.